ಮೊಲದ ದತ್ತು: ಕನಿಕರ ಒಂದು ದಿನದ್ದು, ಹೊಣೆ ಹತ್ತು ವರ್ಷದ್ದು

ಬೆಂಗಳೂರು: ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಮರಿ. ಬೆಲೆ ಕೆಲವು ನೂರು ರೂಪಾಯಿ. ಬೊಗಳುವುದಿಲ್ಲ, ಕಚ್ಚುವುದಿಲ್ಲ, ಒಂದು ಕ್ಯಾರೆಟ್ ಕೊಟ್ಟರೆ ಸಾಕು ಎಂಬ ಅಂಗಡಿಯವನ ಭರವಸೆ. ಮಕ್ಕಳ ಹಠಕ್ಕೆ ಮಣಿದ ಪೋಷಕರು ಹುಟ್ಟುಹಬ್ಬಕ್ಕೋ ಬೇಸಿಗೆ ರಜೆಗೋ ಮೊಲವನ್ನು ಮನೆಗೆ ತರುವುದು ಹೀಗೆ. ನಾಲ್ಕಾರು ತಿಂಗಳು ಕಳೆಯುವಷ್ಟರಲ್ಲಿ ಮರಿ ಬೆಳೆದು ದೊಡ್ಡದಾಗುತ್ತದೆ, ವೈರು ಕಡಿಯುತ್ತದೆ, ಎತ್ತಿಕೊಂಡರೆ ಒದೆಯುತ್ತದೆ, ಮೂಲೆಮೂಲೆಗೂ ಮೂತ್ರ ಸಿಂಪಡಿಸುತ್ತದೆ. ಮಕ್ಕಳ ಆಸಕ್ತಿಯೂ ಅಷ್ಟರಲ್ಲಿ ತೀರಿರುತ್ತದೆ. ಬಾಲ್ಕನಿಯ ಪಂಜರಕ್ಕೆ ಸೇರಿದ ಮೊಲ ಕೊನೆಗೊಂದು ದಿನ ಪ್ರಾಣಿ ರಕ್ಷಣಾ ಕೇಂದ್ರದ ಬಾಗಿಲಿಗೋ ಬಡಾವಣೆಯ ಉದ್ಯಾನಕ್ಕೋ ಬಂದು ಬೀಳುತ್ತದೆ.

ಹೀಗೆ ಬಿದ್ದವುಗಳನ್ನು ಎತ್ತಿಕೊಂಡು ಸಾಕಲು ಮುಂದಾಗುವವರೂ ನಗರಗಳಲ್ಲಿದ್ದಾರೆ. ಇವರಲ್ಲಿ ಹಲವರು ಹಿಂದೆಂದೂ ಮೊಲ ಸಾಕದ, ಸ್ವಂತ ದುಡಿಮೆಯ ವಯಸ್ಕರು. ನಾಯಿಯನ್ನು ದಿನಕ್ಕೆರಡು ಬಾರಿ ಹೊರಗೆ ಕರೆದೊಯ್ಯಲು ಸಮಯವಿಲ್ಲ, ಬಾಡಿಗೆ ಮನೆ ಚಿಕ್ಕದು, ಆದರೂ ಒಂದು ಜೀವಕ್ಕೆ ಆಸರೆಯಾಗಬೇಕು ಎಂಬ ಆಸೆ ಅವರದು. ಅಂಗಡಿಯಲ್ಲಿ ಕೊಳ್ಳುವ ಬದಲು ಪರಿತ್ಯಕ್ತ ಪ್ರಾಣಿಯನ್ನು ದತ್ತು ಪಡೆಯುವುದು ನಿಸ್ಸಂಶಯವಾಗಿ ಮೆಚ್ಚತಕ್ಕ ನಡೆ. ಆದರೆ ಮೊಲದ ವಿಷಯದಲ್ಲಿ ಕನಿಕರವೊಂದೇ ಸಾಲದು. ಸಾಕುಮೊಲದ ಆಯುಷ್ಯ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ. ಅಷ್ಟೂ ಕಾಲ ಅದಕ್ಕೆ ಬೇಕಾಗುವ ಆಹಾರ, ಜಾಗ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ವೈದ್ಯ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಪಡೆದ ದತ್ತು ಎರಡನೆಯ ಪರಿತ್ಯಾಗಕ್ಕೆ ಪೀಠಿಕೆಯಾಗುವ ಅಪಾಯವಿದೆ.

ಬೀದಿಗೆ ಬರುವ ಬಗೆ

ಮೊಲಗಳು ಬೀದಿಗೆ ಬೀಳಲು ಬೇಸರವೊಂದೇ ಕಾರಣವಲ್ಲ. ಅವುಗಳ ಸಂತಾನಶಕ್ತಿಯ ಅರಿವಿಲ್ಲದಿರುವುದು ಅದಕ್ಕಿಂತ ದೊಡ್ಡ ಕಾರಣ. ಮರಿಗಳ ಲಿಂಗ ಗುರುತಿಸುವುದು ಅನುಭವಿಗಳಿಗೂ ಸುಲಭವಲ್ಲ. ಎರಡೂ ಹೆಣ್ಣೆಂದು ನಂಬಿಸಿ ಮಾರಿದ ಜೋಡಿಯಲ್ಲಿ ಒಂದು ಗಂಡಾಗಿರುವುದು ಅಪರೂಪದ ಸಂಗತಿಯಲ್ಲ. ನಾಲ್ಕರಿಂದ ಆರು ತಿಂಗಳಿಗೆ ಪ್ರಾಯಕ್ಕೆ ಬರುವ ಮೊಲದ ಗರ್ಭಾವಧಿ ಸುಮಾರು 30 ದಿನ. ಒಂದು ಸೂಲಿಗೆ ನಾಲ್ಕರಿಂದ ಎಂಟು ಮರಿಗಳು ಸಾಮಾನ್ಯ. ಈದ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಗರ್ಭ ಧರಿಸಬಲ್ಲದು. ಹೀಗಾಗಿ ಜೋಡಿ ತಂದ ಮನೆಯಲ್ಲಿ ವರ್ಷ ತುಂಬುವುದರೊಳಗೆ ಮೊಲಗಳ ಸಂಖ್ಯೆ ಹತ್ತಾರಾಗುತ್ತದೆ. ಮನೆಯವರು ನೆಂಟರಿಗೆ, ನೆರೆಯವರಿಗೆ ಹಂಚಿ, ಮಿಕ್ಕವನ್ನು ಎಲ್ಲಿಯಾದರೂ ಬಿಟ್ಟು ಕೈತೊಳೆದುಕೊಳ್ಳುತ್ತಾರೆ.

‘ಹಸಿರಿರುವ ಕಡೆ ಬಿಟ್ಟಿದ್ದೇವೆ, ಬದುಕಿಕೊಳ್ಳುತ್ತದೆ’ ಎಂಬುದು ಬಿಟ್ಟವರ ಸಮಾಧಾನ. ಇದು ಪೂರ್ಣ ತಪ್ಪು. ಅಂಗಡಿಯ ಮೊಲ ಯುರೋಪಿನ ಮೂಲದ್ದು. ಶತಮಾನಗಳಿಂದ ಮನುಷ್ಯನ ಆಶ್ರಯದಲ್ಲೇ ಬೆಳೆದ ತಳಿ. ನಮ್ಮ ಹೊಲ, ಕುರುಚಲು ಕಾಡುಗಳಲ್ಲಿ ಕಾಣುವ ಕಂದುಬಣ್ಣದ ಕಾಡುಮೊಲ ಬೇರೆಯೇ ಜಾತಿ. ಅದು ಬಿಲ ತೋಡದೆ ಪೊದೆಯ ಮರೆಯಲ್ಲಿ ಮಲಗುತ್ತದೆ, ಹುಟ್ಟುವಾಗಲೇ ಮೈತುಂಬ ಕೂದಲು ಹೊತ್ತು ಕಣ್ಣು ತೆರೆದಿರುತ್ತದೆ. ಸಾಕುಮೊಲದ ಮರಿ ಬೆತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ಕಾಡುಮೊಲದ ಚುರುಕಾಗಲಿ ಮೈಬಣ್ಣದ ಮರೆಯಾಗಲಿ ಇಲ್ಲದ ಬಿಳಿ ಮೊಲವನ್ನು ಉದ್ಯಾನದಲ್ಲಿ ಬಿಡುವುದೆಂದರೆ ಬೀದಿನಾಯಿ, ಬೆಕ್ಕು, ಹದ್ದುಗಳಿಗೆ ಒಪ್ಪಿಸಿದಂತೆಯೇ ಸರಿ.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಹೊಲದಲ್ಲಿ ಒಂಟಿಯಾಗಿ ಸಿಕ್ಕ ಕಾಡುಮೊಲದ ಮರಿಯನ್ನು ‘ರಕ್ಷಿಸಿ’ ಮನೆಗೆ ತರುವವರಿದ್ದಾರೆ. ತಾಯಿ ದಿನಕ್ಕೆ ಒಂದೆರಡು ಬಾರಿ ಮಾತ್ರ ಬಂದು ಹಾಲೂಡಿಸಿ ಹೋಗುವುದು ಆ ಜಾತಿಯ ಕ್ರಮ. ಮರಿ ಅನಾಥವಾಗಿರುವುದಿಲ್ಲ. ಮೇಲಾಗಿ ಕಾಡುಮೊಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಅದನ್ನು ಹಿಡಿದು ಸಾಕುವುದು ಅಪರಾಧ. ಗಾಯಗೊಂಡ ಮರಿ ಸಿಕ್ಕಲ್ಲಿ ಅರಣ್ಯ ಇಲಾಖೆಗೆ ತಿಳಿಸುವುದೊಂದೇ ದಾರಿ.

ಮೂರು ಕಡತ, ಮೂರೇ ಕಾಲು

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಸರ್ಕಾರಿ ವ್ಯವಸ್ಥೆ ಮೊಲವನ್ನು ನೋಡುವ ಬಗೆ ಈ ಗಾದೆಯನ್ನೇ ನೆನಪಿಸುತ್ತದೆ. ಒಂದೇ ಪ್ರಾಣಿ ಮೂರು ಬೇರೆ ಬೇರೆ ಕಡತಗಳಲ್ಲಿದೆ. ಪ್ರತಿ ಕಡತವೂ ತಾನು ಕಂಡಷ್ಟೇ ಮೊಲ ಎಂದು ನಂಬಿಕೊಂಡಂತಿದೆ.

ಮೊದಲನೆಯದು ಪಶುಸಂಗೋಪನೆಯ ಕಡತ. ಇಲ್ಲಿ ಮೊಲ ಮಾಂಸ ಮತ್ತು ಉಣ್ಣೆಯ ಪ್ರಾಣಿ. ಕೇಂದ್ರ ಸರ್ಕಾರ ಆಡು, ಕುರಿಗಳೊಂದಿಗೆ ಮೊಲವನ್ನೂ ಸೇರಿಸಿ ಅಭಿವೃದ್ಧಿ ಯೋಜನೆ ರೂಪಿಸಿದ್ದುಂಟು. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ತಮಿಳುನಾಡಿನ ಕೊಡೈಕನಾಲ್ ಬಳಿಯ ಮನ್ನವನೂರಿನಲ್ಲಿದ್ದು, ಮಾಂಸದ ತಳಿಗಳ ಮೊಲ ಸಾಕಣೆಗೆ ಅದು ಹೆಸರಾಗಿದೆ. ಎರಡನೆಯದು ಪ್ರಯೋಗಾಲಯದ ಕಡತ. ಪ್ರಸಾಧನ ಸಾಮಗ್ರಿಗಳನ್ನು ಮೊಲದ ಕಣ್ಣಿಗೆ ಹಾಕಿ ಪರೀಕ್ಷಿಸುವ ಪದ್ಧತಿ ಅಮೆರಿಕದಲ್ಲಿ 1944ರಲ್ಲಿ ರೂಪುಗೊಂಡು ಜಗತ್ತಿನೆಲ್ಲೆಡೆ ಹಬ್ಬಿತ್ತು. ಪ್ರಸಾಧನ ಸಾಮಗ್ರಿಗಳಿಗಾಗಿ ಪ್ರಾಣಿಗಳ ಮೇಲೆ ನಡೆಸುವ ಪರೀಕ್ಷೆಯನ್ನು ಭಾರತ 2014ರಲ್ಲಿ ನಿಷೇಧಿಸಿತು. ಔಷಧ ಸಂಶೋಧನೆಯಲ್ಲಿ ಮೊಲದ ಬಳಕೆ ಆ ನಿಷೇಧದ ವ್ಯಾಪ್ತಿಗೆ ಬರಲಿಲ್ಲ. ಮೂರನೆಯದು ಸಾಕುಪ್ರಾಣಿಯ ಕಡತ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ನಾಯಿ, ಬೆಕ್ಕುಗಳ ಜತೆಗೆ ಮೊಲವನ್ನೂ ಹೆಸರಿಸಿ, ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳುವುದನ್ನು ಕಡ್ಡಾಯಗೊಳಿಸಿದವು.

ಮೂರು ಕಡತಗಳಲ್ಲೂ ಕಾಣೆಯಾಗಿರುವ ನಾಲ್ಕನೆಯ ಕಾಲು ಯಾವುದೆಂದರೆ, ಮನೆಯೊಂದರಲ್ಲಿ ಹತ್ತು ವರ್ಷ ಬಾಳಬೇಕಾದ ಒಂಟಿ ಮೊಲದ ಆರೋಗ್ಯ. ಸಾಕಣೆ ಕೇಂದ್ರದಲ್ಲಿ ಕೆಲವೇ ತಿಂಗಳಿಗೆ ಮಾರಾಟಕ್ಕೆ ಸಿದ್ಧವಾಗುವ ಮೊಲಕ್ಕೆ ಹಲ್ಲಿನ ಚಿಕಿತ್ಸೆ, ಗರ್ಭಕೋಶದ ಶಸ್ತ್ರಚಿಕಿತ್ಸೆಗಳ ಅಗತ್ಯ ಬೀಳುವುದೇ ಕಡಿಮೆ. ಕಾಯಿಲೆ ಬಿದ್ದ ಒಂದು ಮೊಲಕ್ಕೆ ಸಾವಿರಾರು ರೂಪಾಯಿ ವೆಚ್ಚ ಮಾಡುವುದು ಅಲ್ಲಿನ ಲೆಕ್ಕಾಚಾರಕ್ಕೆ ಒಗ್ಗುವುದೂ ಇಲ್ಲ. ಆದರೆ ಮನೆಯ ಮೊಲದ ಬದುಕು ನಿಂತಿರುವುದೇ ಇಂತಹ ಚಿಕಿತ್ಸೆಗಳ ಮೇಲೆ.

ನೋವು ಹೇಳದ ಪ್ರಾಣಿ

ಮೊಲ ಬೇಟೆಗೆ ಗುರಿಯಾಗುವ ಪ್ರಾಣಿ. ದುರ್ಬಲತೆ ತೋರಿದರೆ ಸಾವು ಖಚಿತವೆಂಬುದು ಅದರ ಹುಟ್ಟುಗುಣದಲ್ಲೇ ಇದೆ. ಆದ್ದರಿಂದ ನಾಯಿಯಂತೆ ಅದು ನರಳುವುದಿಲ್ಲ, ಬೆಕ್ಕಿನಂತೆ ಕೂಗುವುದೂ ಇಲ್ಲ. ಮೂಲೆಯಲ್ಲಿ ಮುದುರಿ ಕುಳಿತುಕೊಳ್ಳುತ್ತದೆ, ಅಷ್ಟೆ. ಮೊದಲ ಬಾರಿಗೆ ಸಾಕುವವರು ಸೋಲುವುದು ಇಲ್ಲಿಯೇ. ‘ನಿನ್ನೆ ಚೆನ್ನಾಗಿಯೇ ಇತ್ತು, ಬೆಳಿಗ್ಗೆ ನೋಡಿದರೆ ಸತ್ತಿತ್ತು’ ಎಂಬ ಮಾತಿನ ಹಿಂದೆ ಬಹುಮಟ್ಟಿಗೆ ಗಮನಕ್ಕೆ ಬಾರದ ಒಂದೆರಡು ದಿನಗಳ ನೋವು ಇರುತ್ತದೆ.

ನೋವನ್ನು ತಿಳಿಯಲು ಇರುವ ಮಾಪಕಗಳು ಎರಡು: ತಿನ್ನುವ ಹುಲ್ಲು ಮತ್ತು ಹಾಕುವ ಹಿಕ್ಕೆ. ಮೊಲದ ಕರುಳು ಸದಾ ಚಲಿಸುತ್ತಲೇ ಇರಬೇಕು. ಆಹಾರ ನಿಂತರೆ ಕರುಳು ನಿಲ್ಲುತ್ತದೆ, ವಾಯು ತುಂಬಿಕೊಳ್ಳುತ್ತದೆ, ನೋವಿನಿಂದ ಮೊಲ ಇನ್ನಷ್ಟು ಉಪವಾಸ ಬೀಳುತ್ತದೆ. ಹನ್ನೆರಡು ಗಂಟೆ ಏನನ್ನೂ ತಿನ್ನದ, ಹಿಕ್ಕೆ ಹಾಕದ ಮೊಲವನ್ನು ‘ನಾಳೆ ನೋಡೋಣ’ ಎಂದು ಬಿಡುವಂತಿಲ್ಲ. ಅದು ತುರ್ತು ಸ್ಥಿತಿ. ರಾತ್ರಿ ಅಥವಾ ಬೆಳಗಿನ ಹೊತ್ತು ಮೊಲ ತನ್ನ ಮೃದುವಾದ ಒಂದು ಬಗೆಯ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ಹೊಸಬರು ಗಾಬರಿಯಾಗುವುದುಂಟು. ಅದು ರೋಗವಲ್ಲ. ಕರುಳಿನ ಸೂಕ್ಷ್ಮಜೀವಿಗಳು ತಯಾರಿಸಿದ ಪೌಷ್ಟಿಕಾಂಶಗಳನ್ನು ಮರಳಿ ಪಡೆಯುವ ಸಹಜ ಕ್ರಮ.

ಕ್ಯಾರೆಟ್ ಮೊಲದ ಮುಖ್ಯ ಆಹಾರವೆಂಬುದು ಚಿತ್ರಪುಸ್ತಕಗಳು ಹರಡಿದ ಕಲ್ಪನೆ. ಸಕ್ಕರೆಯಂಶ ಹೆಚ್ಚಿರುವ ಅದು ಅಪರೂಪಕ್ಕೆ ಕೊಡಬಹುದಾದ ಸಿಹಿತಿಂಡಿ ಮಾತ್ರ. ಬಿಸ್ಕತ್ತು, ಬ್ರೆಡ್ಡು, ಅನ್ನ ಕೊಡಲೇಬಾರದು. ಆಹಾರದ ಶೇ 80ಕ್ಕೂ ಹೆಚ್ಚು ಪಾಲು ಹುಲ್ಲಾಗಿರಬೇಕು. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತದೆ, ಬಾಚಿಹಲ್ಲು ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು. ನಾರಿನ ಹುಲ್ಲನ್ನು ಗಂಟೆಗಟ್ಟಲೆ ಅಗಿದಾಗಲಷ್ಟೇ ಅದು ಸವೆದು ಹದದಲ್ಲಿ ಉಳಿಯುತ್ತದೆ. ಇಲ್ಲವಾದರೆ ದವಡೆಹಲ್ಲುಗಳು ಮುಳ್ಳಿನಂತೆ ಬೆಳೆದು ನಾಲಿಗೆ, ಕೆನ್ನೆಗಳನ್ನು ಸೀಳುತ್ತವೆ.

ಆಮದಾಗುವ ಟಿಮೋಥಿ ಹುಲ್ಲು ದುಬಾರಿ. ರೋಡ್ಸ್ ಹುಲ್ಲು, ಗಿನಿ ಹುಲ್ಲುಗಳಂತಹ ಮೇವಿನ ಬೆಳೆಗಳನ್ನು ಒಣಗಿಸಿ ಕೊಡಬಹುದು. ಕೀಟನಾಶಕ ಸೋಕದ ಗರಿಕೆ ಉತ್ತಮ ಆಹಾರ. ಕೊತ್ತಂಬರಿ, ಪುದೀನ, ಮೂಲಂಗಿ ಎಲೆಗಳನ್ನು ತೊಳೆದು ದಿನವೂ ಒಂದಿಷ್ಟು ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟುಗಳು ವಿಷಸಮಾನ. ನಗರವಾಸಿಗೆ ಕಷ್ಟವಾಗುವುದು ಹುಲ್ಲಿನ ಬೆಲೆಗಿಂತ ಹೆಚ್ಚಾಗಿ, ವರ್ಷವಿಡೀ ತಪ್ಪದೆ ಅದನ್ನು ಒದಗಿಸಿಕೊಳ್ಳುವುದು. ಮಳೆಗಾಲದಲ್ಲಿ ಬೂಷ್ಟು ಹಿಡಿದ ಹುಲ್ಲು ಮೊಲಕ್ಕೆ ಅಪಾಯಕಾರಿಯಾದ್ದರಿಂದ ದಾಸ್ತಾನಿನ ಜಾಗವನ್ನೂ ಮೊದಲೇ ಯೋಚಿಸಬೇಕು.

ವೈದ್ಯರು ಎಲ್ಲಿದ್ದಾರೆ?

ಇಡೀ ವಿಷಯದ ತಿರುಳು ಇದು. ರಾಜ್ಯದ ಪಶುವೈದ್ಯಕೀಯ ಜಾಲ ಪ್ರಧಾನವಾಗಿ ಹಸು, ಎಮ್ಮೆ, ಕುರಿ, ಕೋಳಿಗಳನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದದ್ದು. ರೈತರ ಬದುಕು ಅವುಗಳನ್ನು ಅವಲಂಬಿಸಿರುವುದರಿಂದ ಅದು ಸಹಜವೂ ಹೌದು. ನಗರಗಳ ಖಾಸಗಿ ಚಿಕಿತ್ಸಾಲಯಗಳ ಗಮನ ನಾಯಿ, ಬೆಕ್ಕುಗಳತ್ತ. ನಗರಾಡಳಿತಗಳ ಸಂತಾನಹರಣ ಕಾರ್ಯಕ್ರಮವೂ ಬೀದಿನಾಯಿಗಳ ಸುತ್ತ ರೂಪುಗೊಂಡಿದೆ. ಮೊಲದ ಅರಿವಳಿಕೆ, ಹಲ್ಲಿನ ಚಿಕಿತ್ಸೆಗಳಲ್ಲಿ ಪಳಗಿದ ವೈದ್ಯರು ಬೆಂಗಳೂರಿನಲ್ಲಿಯೇ ವಿರಳವೆಂದ ಮೇಲೆ ಜಿಲ್ಲಾ ಕೇಂದ್ರಗಳ ಸ್ಥಿತಿಯನ್ನು ಊಹಿಸಬಹುದು.

ಅನುಭವ ಏಕೆ ಮುಖ್ಯವೆಂಬುದಕ್ಕೆ ಅಂಕಿಅಂಶವೇ ಸಾಕ್ಷಿ. ಬ್ರಿಟನ್ನಿನ ಪಶು ಚಿಕಿತ್ಸಾಲಯಗಳನ್ನು ಆಧರಿಸಿ 2008ರಲ್ಲಿ ಪ್ರಕಟವಾದ ವ್ಯಾಪಕ ಅಧ್ಯಯನದ ಪ್ರಕಾರ, ಅರಿವಳಿಕೆ ಸಂಬಂಧಿತ ಸಾವಿನ ಪ್ರಮಾಣ ನಾಯಿಗಳಲ್ಲಿ ಶೇ 0.17, ಬೆಕ್ಕುಗಳಲ್ಲಿ ಶೇ 0.24. ಮೊಲಗಳಲ್ಲಿ ಅದು ಶೇ 1.39, ಎಂದರೆ ನಾಯಿಗಳಿಗಿಂತ ಎಂಟು ಪಟ್ಟು.

ನಾಯಿಗೆ ಒಗ್ಗುವ ಪದ್ಧತಿಯೇ ಮೊಲಕ್ಕೆ ಮಾರಕವಾಗಬಹುದು. ಶಸ್ತ್ರಚಿಕಿತ್ಸೆಗೆ ಮುನ್ನ ನಾಯಿಯನ್ನು ಉಪವಾಸವಿಡುವುದು ವಾಡಿಕೆ. ಮೊಲ ವಾಂತಿ ಮಾಡಲಾರದು, ಉಪವಾಸವಿಟ್ಟರೆ ಅದರ ಕರುಳೇ ನಿಲ್ಲುವ ಸಂಭವವಿದೆ. ನಾಯಿಯ ಉಣ್ಣಿ ನಿವಾರಣೆಗೆ ಬಳಸುವ ಫಿಪ್ರೊನಿಲ್ ಮೊಲಕ್ಕೆ ವಿಷ. ಮನುಷ್ಯರಿಗೂ ನಾಯಿಗಳಿಗೂ ಸಾಮಾನ್ಯವಾಗಿ ಕೊಡುವ ಅಮಾಕ್ಸಿಸಿಲಿನ್‌ನಂತಹ ಆ್ಯಂಟಿಬಯಾಟಿಕ್ ಬಾಯಿಯ ಮೂಲಕ ಮೊಲದ ಹೊಟ್ಟೆ ಸೇರಿದರೆ ಕರುಳಿನ ಸೂಕ್ಷ್ಮಜೀವಿಗಳ ಸಮತೋಲ ಕೆಟ್ಟು ಪ್ರಾಣವೇ ಹೋಗಬಹುದು. ಮನೆಯಲ್ಲಿದ್ದ ಮಾತ್ರೆಯನ್ನು ಚೂರು ಮಾಡಿ ಕೊಡುವ ಸಾಹಸ ಸಲ್ಲದು.

ಹಾಗೆಂದು ಶಸ್ತ್ರಚಿಕಿತ್ಸೆಯನ್ನೇ ಬಿಡುವಂತಿಲ್ಲ. ಸಂತಾನಹರಣ ಮಾಡಿಸದ ಹೆಣ್ಣು ಮೊಲಗಳಲ್ಲಿ ನಾಲ್ಕು ವರ್ಷದ ನಂತರ ಗರ್ಭಕೋಶದ ಕ್ಯಾನ್ಸರ್ ತೀರಾ ಸಾಮಾನ್ಯ. ಕೆಲವು ತಳಿಗಳಲ್ಲಿ ಅದು ಶೇ 60ರವರೆಗೂ ಕಂಡುಬಂದ ದಾಖಲೆಗಳಿವೆ. ಸಂತಾನಹರಣದಿಂದ ಮೂತ್ರ ಸಿಂಪಡಿಸುವ, ಕಾದಾಡುವ ಸ್ವಭಾವವೂ ತಗ್ಗುತ್ತದೆ. ಗಂಡು ಮೊಲ ಶಸ್ತ್ರಚಿಕಿತ್ಸೆಯ ನಂತರವೂ ಕೆಲವು ವಾರ ಗರ್ಭ ಕಟ್ಟಿಸಬಲ್ಲದು ಎಂಬುದನ್ನು ಮರೆಯಬಾರದು. ಆದ್ದರಿಂದ ಮೊದಲ ಬಾರಿಗೆ ದತ್ತು ಪಡೆಯುವವರಿಗೆ ಈಗಾಗಲೇ ಸಂತಾನಹರಣವಾಗಿ ಚೇತರಿಸಿಕೊಂಡ, ಒಂದೆರಡು ವರ್ಷ ದಾಟಿದ ಮೊಲವೇ ಯೋಗ್ಯ ಆಯ್ಕೆ. ಅದರ ಗಾತ್ರ, ಸ್ವಭಾವ, ಲಿಂಗ ಎಲ್ಲವೂ ಅಷ್ಟರಲ್ಲಿ ಸ್ಪಷ್ಟವಾಗಿರುತ್ತವೆ. ಮುದ್ದಾದ ಮರಿಯೇ ಬೇಕೆಂದು ಹಟ ಹಿಡಿಯುವವರು ಅಂಗಡಿಯ ಗಿರಾಕಿಗಿಂತ ಹೆಚ್ಚು ಭಿನ್ನರಾಗುವುದಿಲ್ಲ.

ಜಾಗ, ಜೊತೆ ಮತ್ತು ಬಿಸಿಲು

ಅಂಗಡಿಗಳಲ್ಲಿ ಮೊಲದ ಜತೆ ಮಾರುವ ತಂತಿ ಪಂಜರ ಮೊಲಕ್ಕೆ ಮನೆಯಲ್ಲ. ಅದರ ಪಾದಕ್ಕೆ ನಾಯಿಯಂತೆ ಮೆತ್ತೆಯಿಲ್ಲ. ತಂತಿಯ ಮೇಲೆ ಕುಳಿತು ಕುಳಿತು ಹುಣ್ಣಾಗುತ್ತದೆ. ಬ್ರಿಟನ್ನಿನ ಮೊಲ ಕಲ್ಯಾಣ ಸಂಸ್ಥೆಯು ಒಂದು ಜೋಡಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗವನ್ನು ಶಿಫಾರಸು ಮಾಡುತ್ತದೆ. ಬೆಂಗಳೂರಿನ ಒಂದು ಮಲಗುವ ಕೋಣೆಯ ಮನೆಗೆ ಇದು ಸಣ್ಣ ಮಾತಲ್ಲ. ಆದರೂ ಕೋಣೆಯ ಒಂದು ಭಾಗಕ್ಕೆ ಬೇಲಿ ಹಾಕಿ, ವೈರುಗಳಿಗೆ ಕೊಳವೆ ತೊಡಿಸಿ, ಮೂಲೆಯಲ್ಲಿ ಹುಲ್ಲು ಹಾಸಿದ ತಟ್ಟೆಯಿಟ್ಟರೆ ಮೊಲ ಅಲ್ಲೇ ಮಲಮೂತ್ರ ಮಾಡುವುದನ್ನು ಕಲಿಯುತ್ತದೆ. ಮನೆಯೊಳಗೆ ಮೊಲವನ್ನು ಕುಟುಂಬದ ಸದಸ್ಯನಂತೆ ಬೆಳೆಸುವ ಈ ಕ್ರಮವನ್ನು ಜನಪ್ರಿಯಗೊಳಿಸಿದ್ದರಲ್ಲಿ 1988ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾದ ಹೌಸ್ ರ‍್ಯಾಬಿಟ್ ಸೊಸೈಟಿಯ ಪಾಲು ದೊಡ್ಡದು. ಈಸ್ಟರ್ ಹಬ್ಬಕ್ಕೆ ಉಡುಗೊರೆಯಾಗಿ ಕೊಟ್ಟು ಹಬ್ಬ ಮುಗಿದ ಮೇಲೆ ಮೊಲಗಳನ್ನು ಕೈಬಿಡುವ ಸಮಸ್ಯೆ ಅಲ್ಲಿಯೂ ಇದೆ.

ಮೊಲ ಗುಂಪುಜೀವಿ. ದಿನವಿಡೀ ಮನೆ ಬೀಗ ಹಾಕಿರುವ ಉದ್ಯೋಗಿಯ ಮನೆಯಲ್ಲಿ ಒಂಟಿ ಮೊಲ ಸೊರಗುತ್ತದೆ. ಈಗಾಗಲೇ ಹೊಂದಿಕೊಂಡಿರುವ ಜೋಡಿಯನ್ನು ಬೇರ್ಪಡಿಸದೆ ಒಟ್ಟಿಗೆ ತರುವುದು ಉತ್ತಮ. ಸಂತಾನಹರಣವಾದ ಹೆಣ್ಣು ಮತ್ತು ಗಂಡಿನ ಜೋಡಿ ಸಾಮಾನ್ಯವಾಗಿ ಸುಲಭವಾಗಿ ಹೊಂದಿಕೊಳ್ಳುತ್ತದೆ. ಖರ್ಚು ಇಮ್ಮಡಿಯಾಗುವುದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕರ್ನಾಟಕದಲ್ಲಿ ಮೊಲ ಸಾಕುವವರ ದೊಡ್ಡ ಶತ್ರು ಬಿಸಿಲು. ಮೊಲ ಬೆವರಿ ಮೈ ತಂಪು ಮಾಡಿಕೊಳ್ಳಲಾರದು. ಕಿವಿಗಳ ಮೂಲಕವಷ್ಟೇ ತುಸು ಶಾಖ ಹೊರಹಾಕುತ್ತದೆ. 30 ಡಿಗ್ರಿ ಸೆಲ್ಸಿಯಸ್ ದಾಟಿದಂತೆಲ್ಲ ಅಪಾಯ ಏರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಶೀಟಿನ ಮನೆಯಲ್ಲಾಗಲಿ ತೆರೆದ ಬಾಲ್ಕನಿಯಲ್ಲಾಗಲಿ ಮೊಲ ಉಳಿಯುವುದು ಕಷ್ಟ. ವಿದ್ಯುತ್ ಕೈಕೊಟ್ಟಾಗ ಫ್ಯಾನನ್ನು ನಂಬುವಂತಿಲ್ಲ. ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡುವುದು, ತಂಪು ಕಲ್ಲಿನ ನೆಲ ಒದಗಿಸುವುದು ಸರಳ ಉಪಾಯಗಳು. ಮಂಗಳೂರು, ಉಡುಪಿಯಂತಹ ಕರಾವಳಿಯ ಮಳೆಗಾಲದಲ್ಲಿ ಬೇರೊಂದು ತೊಂದರೆ: ಒದ್ದೆ, ಕೊಳಕಾದ ತುಪ್ಪಳದ ಮೇಲೆ ನೊಣ ಮೊಟ್ಟೆಯಿಟ್ಟು ಹುಳು ಬೀಳುವುದು. ಹಿಂಭಾಗ ಸ್ವಚ್ಛವಾಗಿದೆಯೇ ಎಂದು ದಿನವೂ ನೋಡದಿದ್ದರೆ ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಕುತ್ತು.

ಹತ್ತು ರೂಪಾಯಿಯ ದಂಡ

ಸಾಕುಪ್ರಾಣಿಯನ್ನು ಹಸಿವು, ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ತಪ್ಪಿಗೆ ಆ ಕಾಯ್ದೆ ನಿಗದಿಪಡಿಸಿದ ದಂಡ 10ರಿಂದ 50 ರೂಪಾಯಿ. ಆರು ದಶಕಗಳ ಹಿಂದೆ ಅದಕ್ಕೊಂದು ಬೆಲೆಯಿತ್ತು. ಇಂದು ಒಂದು ಕಟ್ಟು ಸೊಪ್ಪಿನ ಮೊತ್ತ. ದಂಡ ಮತ್ತು ಶಿಕ್ಷೆಯನ್ನು ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಸಾರ್ವಜನಿಕ ಅಭಿಪ್ರಾಯಕ್ಕಾಗಿ ಪ್ರಕಟಿಸಿತ್ತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಾಣಿಯನ್ನು ಕೊಲ್ಲುವ, ಅಂಗವಿಕಲಗೊಳಿಸುವ ಕೃತ್ಯಕ್ಕೆ ಐದು ವರ್ಷದವರೆಗೆ ಜೈಲು ಶಿಕ್ಷೆ ವಿಧಿಸುತ್ತದೆ. ಆದರೆ ಉದ್ಯಾನದಲ್ಲಿ ಸದ್ದಿಲ್ಲದೆ ಮೊಲ ಬಿಟ್ಟುಹೋದವರನ್ನು ಪತ್ತೆ ಮಾಡುವುದೇ ದುಸ್ತರ. ಅದರ ಕೊರಳಿಗೆ ಪಟ್ಟಿಯಿಲ್ಲ, ನಗರಾಡಳಿತದ ಪರವಾನಗಿಯೂ ಇಲ್ಲ.

ಸಮಸ್ಯೆಯ ಬೇರು ಬೆಲೆಯ ಏರುಪೇರಿನಲ್ಲಿದೆ. ಕೆಲವು ನೂರು ರೂಪಾಯಿಗೆ ಸಿಗುವ ಮೊಲದ ಒಂದು ಶಸ್ತ್ರಚಿಕಿತ್ಸೆಗೆ ಸಾವಿರಗಟ್ಟಲೆ ಬೇಕು. ‘ಚಿಕಿತ್ಸೆಯ ದುಡ್ಡಿನಲ್ಲಿ ಹತ್ತು ಹೊಸ ಮೊಲ ಬರುತ್ತದೆ’ ಎಂಬ ಮಾತು ಹುಟ್ಟುವುದೇ ಇಲ್ಲಿ. ಮಾರಿದವನಿಗೆ ಮುಂದಿನ ಹೊಣೆಯಿಲ್ಲ, ಕೊಂಡವನಿಗೆ ಬಿಡುವ ಸ್ವಾತಂತ್ರ್ಯವಿದೆ, ಕೊನೆಯ ಭಾರ ದೇಣಿಗೆಯಿಂದ ನಡೆಯುವ ರಕ್ಷಣಾ ಕೇಂದ್ರದ ಮೇಲೆ. 2018ರ ನಿಯಮಗಳ ಪ್ರಕಾರ ಅಂಗಡಿಗಳ ನೋಂದಣಿ ಮತ್ತು ತಪಾಸಣೆಯನ್ನು ಬಿಗಿಗೊಳಿಸಿದರೆ, ಲಿಂಗ ಖಚಿತಪಡಿಸದೆ ಜೋಡಿ ಮಾರುವುದನ್ನು ತಡೆದರೆ, ಬೀದಿಗೆ ಬೀಳುವ ಮೊಲಗಳ ಹರಿವನ್ನು ಮೂಲದಲ್ಲೇ ತಗ್ಗಿಸಬಹುದು. ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಮೊಲದಂತಹ ಸಣ್ಣ ಪ್ರಾಣಿಗಳ ಚಿಕಿತ್ಸೆಗೆ ಮೀಸಲಿಟ್ಟರೆ ಮುಂದಿನ ತಲೆಮಾರಿನ ವೈದ್ಯರಿಗೂ ಅನುಭವ ದೊರೆಯುತ್ತದೆ.

ಕೇಳಬೇಕಾದ ಪ್ರಶ್ನೆಗಳು

ದತ್ತು ಪಡೆಯುವವರು ಕೇಂದ್ರದವರಿಗೆ ಕೇಳಬೇಕಾದ ಪ್ರಶ್ನೆಗಳು ಸರಳ. ಸಂತಾನಹರಣವಾಗಿದೆಯೇ? ಹಲ್ಲಿನ ತಪಾಸಣೆ ಆಗಿದೆಯೇ? ಕಜ್ಜಿಗೆ ಚಿಕಿತ್ಸೆ ಕೊಡಲಾಗಿದೆಯೇ? ಈಗ ಯಾವ ಹುಲ್ಲು ತಿನ್ನುತ್ತಿದೆ? ಯಾವ ವೈದ್ಯರು ನೋಡುತ್ತಿದ್ದಾರೆ? ಸಾಧ್ಯವಾಗದಿದ್ದಲ್ಲಿ ಕೇಂದ್ರ ಮರಳಿ ಪಡೆಯುವುದೇ? ಕೇಂದ್ರದವರು ಅಷ್ಟೇ ಖಚಿತವಾಗಿ ಮರುಪ್ರಶ್ನೆ ಕೇಳಬೇಕು. ಮನೆಯ ಮಾಲೀಕರ ಒಪ್ಪಿಗೆ ಇದೆಯೇ, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು, ನೌಕರಿ ಬದಲಾಗಿ ಬೇರೆ ಊರಿಗೆ ಹೋದರೆ ಮೊಲದ ಗತಿ ಏನು? ಈ ಪ್ರಶ್ನೆಗಳನ್ನು ಅವಮಾನವೆಂದು ಭಾವಿಸುವವರಿದ್ದಾರೆ. ವಾಸ್ತವದಲ್ಲಿ ಅವೇ ಮೊಲಕ್ಕಿರುವ ಏಕೈಕ ರಕ್ಷಣೆ.

ಅನುಮಾನವಿರುವವರಿಗೆ ನಡುವಿನ ದಾರಿಯೂ ಇದೆ. ಕೆಲವು ವಾರಗಳ ಮಟ್ಟಿಗೆ ತಾತ್ಕಾಲಿಕವಾಗಿ ಮನೆಯಲ್ಲಿರಿಸಿಕೊಂಡು ನೋಡಬಹುದು. ಅದರಿಂದ ಕೇಂದ್ರದ ಒತ್ತಡವೂ ಇಳಿಯುತ್ತದೆ, ಸಾಕುವವರ ಶಕ್ತಿಯೂ ತಿಳಿಯುತ್ತದೆ. ಅದೂ ಆಗದೆಂದರೆ ಒಂದು ಮೊಲದ ಶಸ್ತ್ರಚಿಕಿತ್ಸೆಯ ವೆಚ್ಚ ಭರಿಸಬಹುದು, ತಿಂಗಳ ಹುಲ್ಲು ಕಳಿಸಬಹುದು. ತನ್ನಿಂದಾಗದು ಎಂದು ಮೊದಲೇ ಒಪ್ಪಿಕೊಳ್ಳುವುದು ಕ್ರೌರ್ಯವಲ್ಲ. ಆರು ತಿಂಗಳ ನಂತರ ಪೆಟ್ಟಿಗೆಯಲ್ಲಿಟ್ಟು ಮತ್ತೆ ಅದೇ ಬಾಗಿಲಿಗೆ ತಂದುಬಿಡುವುದು ಕ್ರೌರ್ಯ.

ಒಮ್ಮೆ ಕೈಬಿಟ್ಟ ಮೊಲ ಹೊಸ ಮನೆಯಲ್ಲಿ ಕೂಡಲೇ ಹತ್ತಿರ ಬರುವುದಿಲ್ಲ. ವಾರಗಟ್ಟಲೆ ಮರೆಯಲ್ಲೇ ಕುಳಿತು ಹೊಸ ಮನೆಯವರ ಹೆಜ್ಜೆಸದ್ದನ್ನು ಅಳೆಯುತ್ತದೆ. ಎತ್ತಿ ಮುದ್ದಾಡುವ ಆತುರ ಬಿಟ್ಟು ನೆಲದ ಮೇಲೆ ಸುಮ್ಮನೆ ಕುಳಿತವರ ಬಳಿಗೆ ಒಂದು ದಿನ ತಾನಾಗಿ ಬಂದು ಮೂಗು ತಾಗಿಸುತ್ತದೆ. ಅಷ್ಟು ತಾಳ್ಮೆ ಮಗುವಿಗೆ ಕಷ್ಟ, ವಯಸ್ಕನಿಗೆ ಸಾಧ್ಯ. ಮೊಲದ ದತ್ತು ಮಕ್ಕಳ ಹಠಕ್ಕೆ ಒಪ್ಪುವ ಉಡುಗೊರೆಯಲ್ಲ, ವಯಸ್ಕರು ಯೋಚಿಸಿ ಕೈಗೊಳ್ಳಬೇಕಾದ ತೀರ್ಮಾನ ಎನ್ನುವುದು ಈ ಕಾರಣಕ್ಕಾಗಿಯೇ. ಮನೆಗೆ ಮೊಲ ಬರುವ ಮೊದಲು ಹುಲ್ಲು ಬಂದಿರಬೇಕು, ವೈದ್ಯರ ದೂರವಾಣಿ ಸಂಖ್ಯೆ ಗೋಡೆಯ ಮೇಲಿರಬೇಕು. ಆ ಎರಡೂ ಸಿದ್ಧವಾದ ಮೇಲಷ್ಟೇ ದತ್ತುಪತ್ರಕ್ಕೆ ಸಹಿ ಹಾಕುವುದು ವಿವೇಕ.